ತೊಳೆದು ತಂದ ಏಳು ಪೊಟ್ಟಣ

ಮಗುವಿನ ತಾಯಿಗೆ, ತೂಕದ ಸಿಸ್ಟರ್ ಮಾಡುವ ನಮಸ್ಕಾರ.

ನಿಮ್ಮ ಮಗನನ್ನು ತೂಕಕ್ಕೆ ಕರೆತರಬೇಕಾದ ದಿನ ದಾಟಿ ಐದು ದಿನವಾಯಿತು. ಏಕೆ ಬರಲಿಲ್ಲವೆಂದು ಬಲ್ಲೆ. ಅದಕ್ಕೇ ಈ ಕಾಗದ. ನಿಮ್ಮ ಬೀದಿಗೆ ಬರುವ ಲಸಿಕೆಯವಳ ಕೈಲಿ ಕಳಿಸುತ್ತಿದ್ದೇನೆ.

ಭೇದಿ ನಿಂತ ದಿನ ಡಾಕ್ಟರು ಅವನಿಗೆ ಹದಿನಾಲ್ಕು ಪೊಟ್ಟಣ ಪೌಷ್ಟಿಕ ಪೇಸ್ಟ್ ಬರೆದರು, ದಿನಕ್ಕೊಂದು. ಕಾಯಿಲೆ ಹೋಗುವಾಗ ಬರಿಗೈಲಿ ಹೋಗುವುದಿಲ್ಲ, ಮೈಯಲ್ಲಿದ್ದುದನ್ನೂ ಹೊತ್ತುಕೊಂಡು ಹೋಗುತ್ತದೆ. ಅದನ್ನು ತುಂಬದಿದ್ದರೆ ಮುಂದಿನ ಕಾಯಿಲೆಗೆ ಬಾಗಿಲು ತೆರೆದಿಟ್ಟಂತೆ. ಇದನ್ನೇ ನಾನು ಗೋಡೆಯ ಮೇಲೆ ಬರೆದಿದ್ದೇನೆ: "ಭೇದಿ ನಿಂತಿತೆಂದು ಬಿಡಬೇಡಿ ತಾಯಿ, ತೂಕ ಏರುವವರೆಗೂ ತುಂಬಿರಲಿ ಬಾಯಿ." ನನ್ನ ಪ್ರಾಸದ ಕಾಯಿಲೆಗೆ ಮಾತ್ರ ಔಷಧಿಯಿಲ್ಲವೆನ್ನುತ್ತಾರೆ ಡಾಕ್ಟರು.

ಮೊದಲ ವಾರದ ಖಾಲಿ ಪೊಟ್ಟಣ ತಂದರೆ ಉಳಿದ ಏಳು ಕೊಡುವುದು ನಮ್ಮ ಪದ್ಧತಿ. ನೀವು ತೊಳೆದು, ಒರೆಸಿ, ಸಾಲಾಗಿ ಜೋಡಿಸಿಟ್ಟಿರಿ. ಅಷ್ಟು ಚೊಕ್ಕ ಪೊಟ್ಟಣ ಕಂಡವಳೇ ಅಲ್ಲ ನಾನು; ಖುಷಿಯಲ್ಲಿ ಏನೂ ಕೇಳಲಿಲ್ಲ. ತಕ್ಕಡಿ ನೂರು ಗ್ರಾಂ ಕಡಿಮೆ ತೋರಿಸಿತು. "ಎಲ್ಲ ತಿನ್ನುತ್ತಾನೆ, ತೂಕ ಏರುತ್ತಿಲ್ಲ" ಎಂದು ಬರೆದೆ. ಒಳಗೆ ಬೇರೇನೋ ರೋಗವಿರಬೇಕೆಂದು ಡಾಕ್ಟರು ರಕ್ತಪರೀಕ್ಷೆ ಹೇಳಿದರು. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮೂರನೆಯ ಸಲಕ್ಕೆ ನೀವು ನನ್ನ ಕೈ ಹಿಡಿದಿರಿ.

"ನಿಲ್ಸಿ ಸಿಸ್ಟರ್. ಅವನೊಬ್ನೇ ತಿಂದಿಲ್ಲ. ಅಕ್ಕನಿಗೂ ಅರ್ಧ ಕೊಡ್ತಿದ್ದೆ. ಎದುರಿಗೇ ಬಾಯಿ ತೆರ್ಕೊಂಡು ಕೂತಿರ್ತಾಳೆ, ಏನ್ಮಾಡ್ಲಿ?"

ನಾನು ಇಡೀ ಸಾಲಿಗೆ ಕೇಳುವಂತೆ ಅಂದೆ: "ಹಾಗಾದ್ರೆ ಮಾತ್ರೇನೂ ಪಾಲು ಮಾಡ್ಬಿಡಿ, ಯಾರಿಗೂ ಬೇಜಾರಾಗಲ್ಲ." ಜನ ನಕ್ಕರು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಆ ಮಾತು ಚೆನ್ನಾಗಿಯೇ ಕಂಡಿತ್ತು. ನೀವು ಮಗನನ್ನೆತ್ತಿಕೊಂಡು ಹೊರಟುಬಿಟ್ಟಿರಿ. ಉಳಿದ ಏಳು ಮೇಜಿನ ಮೇಲೇ ಇದ್ದವು.

ಬಾಗಿಲಲ್ಲಿ ನಿಮ್ಮ ಚೀಲ ಹಿಡಿದು, ತಮ್ಮನ ಅಳು ಎಲ್ಲಿಂದ ಬರುತ್ತಿದೆಯೆಂದು ತುದಿಗಾಲಲ್ಲಿ ಇಣುಕುತ್ತಿದ್ದಳು ಆ ಅಕ್ಕ. ಅಂಗಿ ಹೆಗಲಿಂದ ಜಾರುತ್ತಿತ್ತು. ಅಂದು ನಲವತ್ತು ಮಕ್ಕಳನ್ನು ತೂಗಿದ ನಾನು ಅವಳನ್ನು ತೂಗಲಿಲ್ಲ.

ಈಗ ಡಾಕ್ಟರೊಡನೆ ಮಾತಾಡಿದ್ದೇನೆ. ಜೊತೆಗೆ ಬರುವ ಅಕ್ಕ, ಅಣ್ಣ, ತಂಗಿ ಎಲ್ಲರಿಗೂ ತೂಕ. ಅವಳಿಗೂ ಕಡಿಮೆಯಿದ್ದರೆ ಅವಳ ಪಾಲಿನದು ಬೇರೆ ಸಿಗುತ್ತದೆ. ಸರಿಯಿದ್ದರೆ ಸಿಗದು; ಸುಳ್ಳು ಆಸೆ ಹುಟ್ಟಿಸಲಾರೆ. ಆಗ ಅವಳು ಆಡಲು ಹೋದ ಹೊತ್ತಲ್ಲಿ ಅವನಿಗೆ ತಿನ್ನಿಸಿ. ಇಷ್ಟನ್ನು ಮೊದಲ ದಿನವೇ ಹೇಳಬೇಕಿತ್ತು. ಸೂಜಿಯ ಭಯ ಬೇಡ, ರಕ್ತ ತೆಗೆಯುವುದಿಲ್ಲ. ಆದರೆ ತಡಮಾಡಬೇಡಿ; ಇನ್ನೊಂದು ಭೇದಿ ತಡೆಯುವ ಶಕ್ತಿ ಅವನಲ್ಲಿಲ್ಲ.

ನಾಳೆ ಬನ್ನಿ. ಸಾಲಿನಲ್ಲಿ ನಿಲ್ಲಬೇಡಿ, ನೇರ ಒಳಗೆ ಬನ್ನಿ. ಕ್ಷಮೆಯನ್ನು ಅದೇ ಸಾಲಿಗೆ ಕೇಳುವಂತೆ ಕೇಳುತ್ತೇನೆ.

ಇಬ್ಬರೂ ಬೇಗ ನಿಮ್ಮ ಸೊಂಟಕ್ಕೆ ಭಾರವಾಗಲಿ, ಎತ್ತಿಕೋ ಎಂದರೆ ನಿಮಗೆ ಆಗದಂತಾಗಲಿ.

ಇತಿ, ದಾರಿ ಕಾಯುತ್ತಿರುವ
ತೂಕದ ಸಿಸ್ಟರ್