ಟ್ಯಾಂಕ್ ಆಟ ಅರ್ಧದಲ್ಲಿದೆ, ಟಿವಿ ಆರಿಸಬೇಡಿ

ರೀ,

ನಾನೂ ಅತ್ತೇನೂ ಕಟ್ಟೆಮಳಲವಾಡಿಗೆ ನಮ್ಮಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೊರಟ್ವಿ. ಬ್ಯಾರನ್ ಮನೇಲಿ ಹೊಗೆಸೊಪ್ಪು ಬೇಯ್ತಾ ಇದೆ, ಅದರ ಬೆಂಕಿ ಬುಟ್ಟು ನೀವು ಬರೋಕಾಗಲ್ಲ ಅಂತ ಅಕ್ಕಂಗೆ ನಾನೇ ಹೇಳ್ತೀನಿ ಬುಡಿ.

ಮುದ್ದೆ ಡಬ್ಬೀಲಿ ಮುಚ್ಚಿಟ್ಟಿದ್ದೀನಿ. ಉಪ್ಸಾರು ಬಿಸಿ ಮಾಡ್ಕೊಳ್ಳಿ.

ಟಿವಿ ಸ್ವಿಚ್ ಮಾತ್ರ ಮುಟ್ಟಬೇಡಿ! ನೀವು ಅಟ್ಟದಿಂದ ಇಳಿಸಿಕೊಟ್ಟ ನಿಮ್ಮ ಹಳೇ ವಿಡಿಯೋ ಗೇಮಲ್ಲಿ ಟ್ಯಾಂಕ್ ಆಟ ಅರ್ಧಕ್ಕೆ ನಿಲ್ಸಿದ್ದೀವಿ. ಟಿವಿಗೂ ಗೇಮಿಗೂ ಅದೊಂದೇ ಸ್ವಿಚ್ಚು. ಇದು ಫೋನ್ ಗೇಮ್ ತರ ಅಲ್ಲ, ಆರಿಸಿದ್ರೆ ಮತ್ತೆ ಮೊದಲಿಂದ ಆಡ್ಬೇಕು. ಮೊನ್ನೆ ನೀವು ಬ್ಯಾರನ್ನಿಂದ ಬಂದೋರೇ ಪಟ್ ಅಂತ ಆರಿಸಿದ್ದಕ್ಕೆ ಅತ್ತೆ ಊಟಾನೇ ಮಾಡ್ಲಿಲ್ಲ.

ನಗಬೇಡಿ. ನಿನ್ನೆ ಇನ್ನೇನು ನನ್ನ ಟ್ಯಾಂಕಿಗೆ ಗುಂಡು ಬೀಳೋದ್ರಲ್ಲಿತ್ತು. ಅತ್ತೆ ತಮ್ಮ ಟ್ಯಾಂಕನ್ನ ತಂದು ಅಡ್ಡ ನಿಲ್ಸಿದ್ರು. "ನೀ ಮುಂದಕ್ಕೋಗವ್ವ, ಇಲ್ಲಿ ನಾ ನೋಡ್ಕತೀನಿ" ಅಂದೋರೇ ಢಮಾರ್ ಅಂತ ಸಿಡಿದೋದ್ರು. ಆಮೇಲೆ ಇಬ್ರೂ ಬಿದ್ದೂ ಬಿದ್ದೂ ನಕ್ವಿ.

ಮದುವೆಯಾಗಿ ಬಂದಾಗಿಂದ ನಿಮ್ಮವ್ವ ನನ್ನ ಪರ ನಿಂತಿದ್ದು ಇದೇ ಮೊದಲು ಕಣ್ರೀ.

ಅದಕ್ಕೇ ಹೇಳ್ತಿದ್ದೀನಿ, ಆ ಸ್ವಿಚ್ ಮುಟ್ಟಿ ನೋಡಿ. ಈ ಸಲ ನಿಮ್ಮ ಮೇಲೆ ಬೀಳೋದು ನಾನೊಬ್ಬಳೇ ಅಲ್ಲ.

ರಾಜಮಣಿ