ಅರ್ಧ ತೆರೆದ ಬಾಗಿಲಿನ ಗುರುತು

ಮನೆ, ಮಹಡಿ ಕೋಣೆ
ಬುಧವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಕಣ್ಣು ಹೇಗಿದೆ? ಹನಿ ಔಷಧಿಯನ್ನು ದಿನಕ್ಕೆ ನಾಲ್ಕು ಸಲ ತಪ್ಪದೆ ಹಾಕಿಸಿಕೊಳ್ಳುತ್ತಿದ್ದೀರಿ ತಾನೆ? ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಪೇಪರ್ ಓದುತ್ತೀರಂತೆ, ತಮ್ಮ ದೂರು ಹೇಳಿದ. ಡಾಕ್ಟರು ಅದನ್ನು ಕೊಟ್ಟಿದ್ದು ಹಣೆಗಲ್ಲ. ಬಗ್ಗಿ ಏನನ್ನೂ ಎತ್ತಬೇಡಿ, ಮೊಮ್ಮಗ ಎಷ್ಟು ಗೋಗರೆದರೂ ಅವನನ್ನೂ ಎತ್ತಬೇಡಿ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಹೋದ ವಾರಕ್ಕಿಂತ ವಾಸಿ. ನೀವು ಮನೆಯಲ್ಲಿಲ್ಲದ್ದರಿಂದ ರೇಡಿಯೋ ತನ್ನ ಮಾತು ಕೇಳುತ್ತಿದೆ ಎಂದು ಖುಷಿಯಾಗಿದ್ದಾಳೆ. ಈ ಪತ್ರಕ್ಕೂ ತನಗೂ ಏನೂ ಸಂಬಂಧವಿಲ್ಲ ಎಂದು ಮೊದಲೇ ಬರೆದುಬಿಡು ಅಂದಳು, ಬರೆದಿದ್ದೇನೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಜಗಳ.

ಪೊರೆ ತೆಗೆಸಿಕೊಂಡು ಇಪ್ಪತ್ತು ದಿನವಾಗಿಲ್ಲ, ಇಷ್ಟು ದೊಡ್ಡ ಲೋಕದಲ್ಲಿ ನಿಮ್ಮ ಹೊಸ ಕಣ್ಣಿಗೆ ಬೀಳುವುದಕ್ಕೆ ನಾನೇ ಆಗಬೇಕಿತ್ತೇ? ತಮ್ಮನ ಊರಿನ ಕಲಾಶಾಲೆಯಲ್ಲಿ ನೀವು ಮಾಡಿದ ಭಾಷಣವನ್ನು ಅವನು ಫೋನಿನಲ್ಲಿ ಹಿಡಿದು ಕಳಿಸಿದ. ಪಾಪ, ಅಪ್ಪನಿಗೆ ಎಷ್ಟು ಚಪ್ಪಾಳೆ ಬಿತ್ತು ನೋಡಲಿ ಅಂತ ಕಳಿಸಿದ್ದು. ಕಂಪ್ಯೂಟರ್ ಬಂದ ಮೇಲೆ ಡಿಸೈನಿನಲ್ಲಿ ಸ್ವಂತ ಕಲ್ಪನೆ ಉಳಿದಿದೆಯೇ ಎಂಬ ವಿಷಯ. ಮೊದಲ ಅರ್ಧ ಗಂಟೆ ನಾನೂ ತಲೆಯಾಡಿಸುತ್ತಾ ಕೇಳಿದೆ. ಆಮೇಲೆ ಪರದೆಯ ಮೇಲೆ ನಾನು ಮಾಡಿದ ಗುರುತು, ಅದೇ ಲೋಗೋ, ಬಂತು. ಇಲ್ಲಿನ ಗ್ರಂಥಾಲಯದ ಹೊಸ ಕಟ್ಟಡಕ್ಕೆ ನಾನು ಮಾಡಿಕೊಟ್ಟದ್ದು, ಅರ್ಧ ತೆರೆದ ಬಾಗಿಲು, ಬಾಗಿಲಿನ ಪಡಿಯೇ ಪುಸ್ತಕದ ಹಾಳೆ. ನೀವು ಕೋಲಿನಿಂದ ಅದನ್ನು ತೋರಿಸಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಇದನ್ನ ಮಾಡಿದೋರು ನಂಗೆ ತುಂಬ ಹತ್ತಿರದೋರು, ಹೆಸರು ಹೇಳಲ್ಲ. ಗೆರೆ ನೀಟಾಗಿದೆ, ಬಣ್ಣ ಚೆನ್ನಾಗಿದೆ. ಯೋಚ್ನೆ ಮಾತ್ರ ಯಂತ್ರದ್ದು." ಅಷ್ಟಕ್ಕೆ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಹೇಳಲಿಲ್ಲವಂತೆ, ದೊಡ್ಡ ಉಪಕಾರ! ನಿಮಗೆ ಹತ್ತಿರದವರಲ್ಲಿ ಡಿಸೈನ್ ಮಾಡುವವರು ಯಾರು, ಅಮ್ಮನೇ?

ನೀವು ಸಭೆಯಲ್ಲಿ ಒಂದು ಮಾತು ಆಡಿ ಎಳನೀರು ಕುಡಿದು ಮನೆಗೆ ಹೋದಿರಿ. ಅದು ಇಲ್ಲಿ ಎಷ್ಟು ದೂರ ಬಂದಿದೆ ಗೊತ್ತೇ? ನಿನ್ನೆ ಬೆಳಿಗ್ಗೆ ಗ್ರಂಥಪಾಲಕಿಯ ಫೋನ್ ಬಂತು. ಕಲಾಶಾಲೆಯವರು ಇಂಟರ್ನೆಟ್ಟಿಗೆ ಹಾಕಿದ ಆ ಭಾಷಣವನ್ನು ಅವರ ಸಮಿತಿಯವರೆಲ್ಲ ನೋಡಿದ್ದಾರಂತೆ. ಮೂರಂತಸ್ತಿನ ಗೋಡೆಗೆ ಬಿದಿರು ಕಟ್ಟಿ ಆಗಿದೆ, ಬೋರ್ಡು ಬರೆಯುವವನು ಗೋಡೆಗೆ ಎರಡು ಸಲ ಬಿಳಿ ಬಳಿದು ಬಾಗಿಲಿಗಾಗಿ ಕಾಯುತ್ತಿದ್ದಾನೆ, ಈಗ ಕೆಲಸ ನಿಂತಿದೆ. ಗುರುತು ಮೊದಲಿನಿಂದ ಕೊನೆಯವರೆಗೆ ನನ್ನದೇ ಎಂದು ಸೋಮವಾರದೊಳಗೆ ಸಹಿ ಮಾಡಿಕೊಡಬೇಕಂತೆ. ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಕೆ ಒಳ್ಳೆಯ ಹೆಂಗಸು, ಹೇಳಲಾರದೆ ಹೇಳಿದರು: "ನಿಮ್ ತಂದೆಯವರೇ ಹಾಗಂದ್ಮೇಲೆ ನಾವೇನ್ ಮಾಡೋಣ ಹೇಳಿ. ಅವ್ರೇ ಒಂದ್ ಮಾತು ಬರ್ದುಕೊಟ್ರೆ ನಮ್ಗೂ ಧೈರ್ಯ." ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಈ ಪತ್ರ ಕೈಸೇರಿದ ದಿನವೇ ಸಮಿತಿಗೆ ಒಂದು ಕಾಗದ ಬರೆಯಿರಿ. ಅದು ನನ್ನ ಮಗಳದೇ ಕಲ್ಪನೆ, ವಿಚಾರಿಸದೆ ಮಾತಾಡಿದೆ ಎಂದು ಎರಡು ಸಾಲು ಸಾಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. ಇಲ್ಲದಿದ್ದರೆ ಗೋಡೆ ಹೋಗುತ್ತದೆ, ಗೋಡೆಯ ಜೊತೆ ಈ ಊರಿನಲ್ಲಿ ನನ್ನ ಹೆಸರೂ ಹೋಗುತ್ತದೆ.

ಇನ್ನು ಯಂತ್ರದ ಮಾತು. ನೀವು ಬರಿಗೈಯಲ್ಲಿ ಆಕಾಶದಿಂದ ಗೆರೆ ಇಳಿಸಿದವರ ಹಾಗೆ ಮಾತಾಡಿದಿರಲ್ಲ, ಅದಕ್ಕೆ ನನಗೆ ಹೆಚ್ಚು ಸಿಟ್ಟು. ಉಜ್ಜಿದರೆ ಕಾಗದಕ್ಕೆ ಇಳಿಯುವ ಅಕ್ಷರದ ಹಾಳೆಗಳನ್ನು ದಸ್ತುಗಟ್ಟಲೆ ತರಿಸುತ್ತಿದ್ದವರು ಯಾರು? ಕೆಳಗಿನಿಂದ ಬಲ್ಬು ಉರಿಯುವ ಗಾಜಿನ ಮೇಜು ಮಾಡಿಸಿ ಅದರ ಮೇಲೆ ಕುದುರೆ, ಹಡಗು, ಹೆಂಗಸರ ಮುಖ ಎಲ್ಲ ನಕಲು ತೆಗೆದದ್ದು ಯಾರು? ಒಂದೇ ಚಿತ್ರವನ್ನು ದೊಡ್ಡದು ಮಾಡಿಸಿ ಚಿಕ್ಕದು ಮಾಡಿಸಿ ನೀವು ತಲೆ ತಿಂದಿದ್ದಕ್ಕೆ ಜೆರಾಕ್ಸ್ ಅಂಗಡಿಯವನು ನಿಮ್ಮನ್ನು ದೂರದಿಂದ ಕಂಡರೆ ಊಟಕ್ಕೆ ಏಳುತ್ತಿದ್ದ. ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಪತ್ರಿಕೆಗಳಿಂದ ಕತ್ತರಿಸಿಟ್ಟ ಚಿತ್ರಗಳ ಕಟ್ಟು ಇನ್ನೂ ಇದೆ, ನಾನು ಧೂಳು ಹೊಡೆಯುತ್ತಿರುತ್ತೇನೆ. ನಿಮ್ಮದಾದರೆ ಅದು ಅಭ್ಯಾಸ, ನನ್ನದಾದರೆ ಕಳ್ಳತನವೇ? ನನ್ನ ಜೊತೆ ಕೆಲಸ ಮಾಡುವವಳ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನಿಮ್ಮ ಕಾಲದಲ್ಲಿ ಅವಳನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದಿರಿ. ಅವಳ ತಲೆಯಲ್ಲಿ ದಿನಕ್ಕೆ ಹತ್ತು ಹೊಸ ಯೋಚನೆ ಹುಟ್ಟುತ್ತವೆ, ಅವನ್ನು ಹೊರಗೆ ತರುವುದು ಇದೇ ಯಂತ್ರ. ನಿಮ್ಮ ಭಾಷಣದಲ್ಲಿ ಅವಳಿಗೆ ಜಾಗ ಇರಲಿಲ್ಲ.

ನನಗೂ ಇರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ನಾನು ಬರೆದ ಮೊದಲ ಪೋಸ್ಟರನ್ನು ನಿಮ್ಮ ಮುಂದೆ ಹಿಡಿದಾಗ, ಗಿರಾಕಿಗಳೆದುರಿಗೆ, "ನಿನ್ ಗೆರೆಗೆ ಚಳಿ ಹಿಡ್ದಿದೆ ಕಣೇ" ಅಂದಿರಿ. ನೀವು ಮರೆತಿರಬಹುದು. ನಾನು ಆ ಪೋಸ್ಟರನ್ನು ನೀರಿನಲ್ಲಿ ನೆನೆಸಿ ಮುದ್ದೆ ಮಾಡಿದೆ. ಆಮೇಲೆ ಆರು ವರ್ಷ ನಿಮ್ಮ ಅಂಗಡಿಯಲ್ಲಿ ಬಣ್ಣ ತುಂಬಿದೆ, ಬ್ರಶ್ಶು ತೊಳೆದೆ, ಗೆರೆ ಮಾತ್ರ ಎಳೆಯಲಿಲ್ಲ. ಕಂಪ್ಯೂಟರಿನಲ್ಲಿ ಮೊದಲ ಸಲ ಎರಡು ಚುಕ್ಕೆ ಇಟ್ಟಾಗ ಅವುಗಳ ನಡುವೆ ನಡುಕವಿಲ್ಲದ ಗೆರೆ ಬಂತಲ್ಲ, ಆವತ್ತು ನಾನು ಅತ್ತಿದ್ದೆ ಅಪ್ಪಾ. ನೀವು ಯಂತ್ರ ಅನ್ನುವುದು ನನಗೆ ನಡುಗದ ಕೈಯೊಂದನ್ನು ಕೊಟ್ಟಿತು. ಅದನ್ನು ನೂರು ಜನರೆದುರು ಆಡಿಕೊಂಡು ನಗುವಾಗ ನಿಮಗೆ ಒಂದು ಗಳಿಗೆಯಾದರೂ ಅಳುಕಾಗಲಿಲ್ಲವೇ?

ನಿಮ್ಮ ಪರೀಕ್ಷೆಯನ್ನೂ ಸಭೆಯಲ್ಲಿ ಹೇಳಿದಿರಿ, ಅದೊಂದು ಸಂತೋಷ. ಪೆನ್ಸಿಲ್ ಮುಟ್ಟುವ ಮೊದಲು ಯೋಚನೆಯನ್ನು ಬಾಯಲ್ಲೇ ಅಡುಗೆಮನೆಯಲ್ಲಿ ಹೇಳಬೇಕು, ಅಮ್ಮ ಅದನ್ನು ಕೇಳಿಯೇ ಒದ್ದೆ ಬೆರಳಿನಿಂದ ಕಟ್ಟೆಯ ಮೇಲೆ ಬರೆದು ತೋರಿಸಬೇಕು, ಬರೆಯಲಾಗದಿದ್ದರೆ ಅದು ಯೋಚನೆಯೇ ಅಲ್ಲ. ಮಕ್ಕಳು ಕಣ್ಣರಳಿಸಿ ಕೇಳಿದರು. ಅಮ್ಮನಿಗೆ ಬೇಸರವಾದ ದಿನ ನಿಮ್ಮ ಎಷ್ಟು ಒಳ್ಳೆಯ ಯೋಚನೆಗಳು ಕಟ್ಟೆಯ ಮೇಲೇ ಒಣಗಿಹೋದವು ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಪರೀಕ್ಷೆಯನ್ನು ನಾನು ಬಿಟ್ಟಿಲ್ಲ, ಹೊಸಬರಿಗೂ ಕಲಿಸಿದ್ದೇನೆ. ಈ ಬಾಗಿಲನ್ನು ಅಮ್ಮನಿಗೆ ಬಾಯಲ್ಲಿ ಹೇಳಲಿಲ್ಲ ನಿಜ, ಚಿತ್ರವನ್ನೇ ತೋರಿಸಿದೆ. ಕೆಲಸದ ಒತ್ತಡವಿತ್ತು. ಚೆನ್ನಾಗಿದೆ ಅಂದಳು. ಅದು ಸಾಲದೇ? ಐದು ವಾರ ಆ ಬಾಗಿಲಿನ ಜೊತೆ ಬದುಕಿದ್ದೇನೆ. ಪಡಿಯ ಓರೆಯನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎಂದು ಮೂರು ದಿನ ಒದ್ದಾಡಿದ್ದೇನೆ. ಊಟಕ್ಕೆ ಕೂತರೆ ತಟ್ಟೆಯಲ್ಲೂ ಬಾಗಿಲೇ ಕಾಣುತ್ತಿತ್ತು. ಇದು ಯಂತ್ರದ ಯೋಚನೆಯಾದರೆ ಆ ಐದು ವಾರ ನಾನು ಮಾಡಿದ್ದೇನು?

ನೀವು ಸುಲಭಕ್ಕೆ ನಂಬುವವರಲ್ಲ ಎಂದು ಗೊತ್ತು. ಅದಕ್ಕೇ ಗುರುತಿನ ಕರಡುಗಳನ್ನೆಲ್ಲ ಮೊದಲಿನಿಂದ ತಾರೀಖಿನ ಪ್ರಕಾರ ಮುದ್ರಿಸಿ ಇದರ ಜೊತೆ ಇಡುತ್ತೇನೆ. ಹೊಸ ಕಣ್ಣಿನಿಂದ ನೋಡಿ, ಆಮೇಲೆ ಆ ಎರಡು ಸಾಲು ಬರೆಯಿರಿ. ತಮ್ಮನಿಗೂ ನಾದಿನಿಗೂ ಕೇಳಿದೆನೆಂದು ಹೇಳಿ, ಪುಟ್ಟನಿಗೆ ಮುತ್ತು. ಅಮ್ಮ ಕನ್ನಡಕದ ವಿಷಯ ಇನ್ನೊಮ್ಮೆ ಬರೆ ಅನ್ನುತ್ತಿದ್ದಾಳೆ, ಆಕೆಗೆ ಸಂಬಂಧವಿಲ್ಲದ ಪತ್ರದಲ್ಲಿ. ಸಿಟ್ಟಿನಲ್ಲಿದ್ದರೂ ನಿಮ್ಮ ಕಾಲಿಗೆ ನಮಸ್ಕಾರ ಮಾಡಿಯೇ ಮುಗಿಸುತ್ತಿದ್ದೇನೆ.

ನಿಮ್ಮ ದೊಡ್ಡವಳು

ತಾ.ಕ.: ಅಪ್ಪಾ, ಸಮಿತಿಗೆ ಏನೂ ಬರೆಯಬೇಡಿ. ಅವಸರದಲ್ಲಿದ್ದೇನೆ, ಅಂಚೆಯವನು ನಾಲ್ಕಕ್ಕೆ ಬರುತ್ತಾನೆ. ಕರಡುಗಳನ್ನು ಮುದ್ರಿಸಲು ಕೂತೆ. ಒಟ್ಟು ಅರವತ್ತೆರಡು ಇವೆ. ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಮೊದಲನೆಯದನ್ನು ತೆರೆದೆ. ಅದರಲ್ಲಿ ಬಾಗಿಲು ಆಗಲೇ ಇದೆ. ಪಡಿ ಆಗಲೇ ಹಾಳೆಯಾಗಿದೆ. ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಂಕಿ, ನಾವು ವರ್ಷಕ್ಕೊಮ್ಮೆ ಕೊಳ್ಳುವ, ಬೇರೆ ಯಾರೋ ಬರೆದಿಟ್ಟ ಸಿದ್ಧಚಿತ್ರಗಳ ಸಂಗ್ರಹದ್ದು. ಆ ದಿನ ಸುಮ್ಮನೆ ನೋಡಲು ತೆರೆದಿದ್ದೆ ಅನಿಸುತ್ತದೆ, ನೆನಪೇ ಇಲ್ಲ. ತಿರುಗಿಸಿದೆ, ಬಗ್ಗಿಸಿದೆ, ಬಣ್ಣ ಬದಲಿಸಿದೆ, ಐದು ವಾರ ತಿದ್ದಿದೆ. ತಿದ್ದಿ ತಿದ್ದಿ ಅದು ನನ್ನದೇ ಆಗಿಹೋಯಿತು. ಕದ್ದವರಿಗೆ ಕದ್ದದ್ದಾದರೂ ಗೊತ್ತಿರುತ್ತದೆ. ನಾನು ಸೋಮವಾರ ಸಂತೋಷವಾಗಿ ಸಹಿ ಹಾಕಿಬಿಡುತ್ತಿದ್ದೆ. ಗ್ರಂಥಪಾಲಕಿಗೆ ಫೋನ್ ಮಾಡಿ ನಿಜ ಹೇಳಿದೆ. ಬೇರೆ ಯಾರನ್ನಾದರೂ ನೋಡುತ್ತೇವೆ ಅಂದರು. ನೀವು ಹೇಳಿದ್ದು ಸರಿ. ಅದನ್ನು ಮನೆಗೆ ಬಂದು ನನ್ನೊಬ್ಬಳಿಗೇ ಹೇಳಬಹುದಿತ್ತು, ಹೇಳಲಿಲ್ಲ. ಆದ್ದರಿಂದ ಮೇಲೆ ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಹೊಡೆದುಹಾಕಿಲ್ಲ.