ಅವನೂ ನೀರು ಸೋಸುತ್ತಾನೆ

ಅಬರ್ಡೀನ್ ಬಂದರು, ಸ್ಕಾಟ್ಲೆಂಡ್
ಏಪ್ರಿಲ್ ೧೯೩೧

ಜಮಖಂಡಿಯ ಅವ್ವನಿಗೆ ಭರಮಪ್ಪನ ನಮಸ್ಕಾರ. ಅಕ್ಕ ಓದಿ ಹೇಳಲಿ.

ಗಿರಣಿಯಲ್ಲಿ ಕೆಲಸ ಕಲಿಯುವುದು ನಡೆದಿದೆ. ನಾನಿರುವ ಮನೆಯ ಮಾಳಿಗೆಯಲ್ಲಿ ಸಮುದ್ರಶಾಸ್ತ್ರ ಓದಿದ ಸಾಹೇಬನೊಬ್ಬನಿದ್ದಾನೆ. ದೋಣಿಯಲ್ಲಿ ಹೋಗಿ ಏನು ಮಾಡುತ್ತಾನೋ ಎಂದು ಅವನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನಿನ್ನೆ ಅವನ ದೋಣಿಯಲ್ಲಿ ಹೋಗಿದ್ದೆ. ಇಲ್ಲಿಯ ಸಮುದ್ರಕ್ಕೆ ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಚಳಿಗಾಲ ಕಳೆದೊಡನೆ ನೀರು ಪಾಚಿಯಿಂದ ಹಸಿರಾಗುತ್ತದೆ. ಸಾಹೇಬ ತೆಳು ಬಟ್ಟೆಯ ಚೀಲ ಇಳಿಬಿಟ್ಟು ಆ ನೀರನ್ನು ಸೋಸಿದ, ನೀನು ಬಾವಿಕಟ್ಟೆಯಲ್ಲಿ ಸೋಸುವ ಹಾಗೆಯೇ! ಬಿಳಿಯನಾದರೂ ನಮ್ಮ ಜೈನರವನೇ ಇರಬೇಕೆಂದು ಕೈ ಮುಗಿದುಬಿಟ್ಟೆ. ಬಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಜೀವಗಳು ಪುಟಿಯುತ್ತಿದ್ದವು. ಅವು ಪಾಚಿ ತಿನ್ನುತ್ತವಂತೆ, ಮೀನುಗಳು ಅವನ್ನು ತಿನ್ನುತ್ತವಂತೆ. ಇಷ್ಟು ತಣ್ಣೀರಿನಲ್ಲೇ ಅವು ಹೆಚ್ಚಂತೆ. ನಂಬುವುದು ಹೇಗೆ?

"ಸೋಸಿದ ಜೀವ ಬಂದ ನೀರಿಗೇನ ಹೋಗಬೇಕಪಾ" ಎನ್ನುತ್ತೀಯಲ್ಲ, ಅವನೂ ಬಟ್ಟೆ ತಿರುವಿ ಅವನ್ನು ನೀರಿಗೆ ಬಿಡುತ್ತಾನೆಂದು ಕಾದೆ. ಅವನು ಎಲ್ಲವನ್ನೂ ಬಾಟಲಿಗೆ ಸುರಿದು ಮೇಲೆ ಔಷಧಿ ಹೊಯ್ದ. "ಸಾಹೇಬ್ರ, ಹೊಳ್ಳಿ ನೀರಿಗೆ ಬಿಡ್ರೀ!" ಎಂದು ಕನ್ನಡದಲ್ಲೇ ಕೂಗಿದೆ. ಅಷ್ಟರಲ್ಲಿ ಪುಟಿಯುವುದು ನಿಂತಿತ್ತು.

ಕೆಮ್ಮು ಕಡಿಮೆಯಾಗಿದೆ. ಮನೆಯೊಡತಿ ಅದಕ್ಕೆಂದು ಕುಡಿಯಲು ಕೊಟ್ಟ ಎಣ್ಣೆ ಮೀನಿನ ವಾಸನೆ ಹೊಡೆಯಿತು, ಮುಟ್ಟಿಲ್ಲ.

ಇಂದು ಸಾಹೇಬನ ಚೀಲ ಹರಿದಿದೆ. ನೀನು ಕೊಟ್ಟ ನೀರು ಸೋಸುವ ಬಟ್ಟೆಯನ್ನು ಒಣಹಾಕಿದ್ದೆ. ಅವನು ಅದನ್ನು ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿದ. ಕಸಿದುಕೊಂಡೆ. ಹಸಿಯಿದ್ದರೂ ಅಂಗಿಯೊಳಗೆ ಎದೆಗೆ ಸುತ್ತಿಕೊಂಡೇ ತಿರುಗುತ್ತಿದ್ದೇನೆ. ಕೆಮ್ಮು ಬಂದರೆ ಬರಲಿ.

ನಿನ್ನ ಭರಮಾ